404, 104, 204: ಒಂದೇ ನಾಲ್ಕಕ್ಕೆ ಮೂರು ಎಂಜಿನ್

ವಾಷಿಂಗ್ಟನ್ ಡಿ.ಸಿ.ಯ ಆಸುಪಾಸಿನಲ್ಲಿ 'ನಾಲ್ಕನೇ ನಂಬರಿನ ಫೈರ್ ಎಂಜಿನ್ ಎಲ್ಲಿದೆ' ಅಂತ ಕೇಳಿದರೆ ಕಡಿಮೆಯೆಂದರೂ ನಾಲ್ಕು ಉತ್ತರ ಬರುತ್ತದೆ. ಡಿ.ಸಿ. ನಗರಕ್ಕೆ ತನ್ನದೊಂದು ನಾಲ್ಕು. ಪೊಟೊಮ್ಯಾಕ್ ನದಿ ದಾಟಿದರೆ ಆರ್ಲಿಂಗ್ಟನ್ ಕೌಂಟಿಯ ನಾಲ್ಕು ಕ್ಲಾರೆಂಡನ್‌ನಲ್ಲಿದೆ. ಪಕ್ಕದ ಅಲೆಗ್ಸಾಂಡ್ರಿಯಾ ನಗರದ್ದು ಇನ್ನೊಂದು. ಪಶ್ಚಿಮಕ್ಕೆ ಹೋದರೆ ಫೇರ್‌ಫ್ಯಾಕ್ಸ್ ಕೌಂಟಿಯ ನಾಲ್ಕು ಹರ್ನ್‌ಡನ್ ಊರಲ್ಲಿದೆ. ನದಿಯಾಚೆ ಮೇರಿಲ್ಯಾಂಡ್ ಕಡೆ ಎಣಿಸಲು ಹೊರಟರೆ ಪಟ್ಟಿ ಇನ್ನೂ ಉದ್ದ.

ನಮ್ಮಲ್ಲಿ ಈ ತಾಪತ್ರಯ ಇಷ್ಟಿಲ್ಲ. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ಇಡೀ ರಾಜ್ಯಕ್ಕೆ ಒಂದೇ ಇಲಾಖೆ. ಗಾಡಿಯನ್ನು ಠಾಣೆಯ ಹೆಸರು ಹಿಡಿದು ಕರೆದರೆ ಕೆಲಸ ನಡೆಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಅಲ್ಲಿ ಬೆಂಕಿ ಆರಿಸುವ ದಳ ರಾಜ್ಯ ಸರ್ಕಾರದ್ದಲ್ಲ, ಆಯಾ ಕೌಂಟಿಯದು ಅಥವಾ ನಗರದ್ದು. ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಒಂದರಿಂದ ಎಣಿಸಲು ಶುರುಮಾಡಿದ್ದಾರೆ. ಗಡಿಯೊಳಗೇ ಇರುವವರೆಗೆ ಅದರಿಂದ ತೊಂದರೆಯಿಲ್ಲ. ಬೆಂಕಿಗೆ ಮಾತ್ರ ಗಡಿ ಕಾಣಿಸುವುದಿಲ್ಲ ನೋಡಿ.

ಹತ್ತಿರ ಯಾರಿದ್ದಾರೋ ಅವರೇ ಹೋಗಲಿ, ಯಾವ ಕೌಂಟಿ ಅಂತ ನೋಡುವುದು ಬೇಡ ಅನ್ನುವ ಒಪ್ಪಂದಕ್ಕೆ 'ಆಟೊಮ್ಯಾಟಿಕ್ ಏಡ್' ಅನ್ನುತ್ತಾರೆ. ಕೇಳಿಕೊಂಡ ಮೇಲೆ ಕಳಿಸುವುದು 'ಮ್ಯೂಚುವಲ್ ಏಡ್'. ಆಟೊಮ್ಯಾಟಿಕ್ ಏಡ್‌ನಲ್ಲಿ ಕೇಳುವ ಪ್ರಶ್ನೆಯೇ ಇಲ್ಲ, ತುರ್ತು ಕರೆ ತೆಗೆದುಕೊಳ್ಳುವ 911 ಕೇಂದ್ರದ ಕಂಪ್ಯೂಟರ್ ಮೊದಲ ಪಟ್ಟಿಯಲ್ಲೇ ಪಕ್ಕದವರ ಗಾಡಿಯನ್ನು ಸೇರಿಸಿಬಿಡುತ್ತದೆ. ಆರ್ಲಿಂಗ್ಟನ್, ಅಲೆಗ್ಸಾಂಡ್ರಿಯಾ, ಫೇರ್‌ಫ್ಯಾಕ್ಸ್ ಇರುವ ಉತ್ತರ ವರ್ಜೀನಿಯಾದಲ್ಲಿ ಇದು ದಿನನಿತ್ಯದ ವ್ಯವಹಾರ. ಆಗ ಒಂದೇ ಬೆಂಕಿಯ ಮುಂದೆ ಮೂರು 'ಎಂಜಿನ್ 4' ನಿಂತರೆ ರೇಡಿಯೊದಲ್ಲಿ 'ಎಂಜಿನ್ 4, ಹಿಂಬದಿಗೆ ಹೋಗಿ' ಅಂದಾಗ ಮೂವರೂ ಹೋಗುತ್ತಾರೆ, ಇಲ್ಲವೇ ಮೂವರೂ ಸುಮ್ಮನಿರುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಅದಕ್ಕೆ ಕಂಡುಕೊಂಡ ದಾರಿ ಸರಳ: ಠಾಣೆಯ ಅಂಕಿಯ ಎಡಕ್ಕೆ ಕೌಂಟಿಗೊಂದು ಅಂಕಿ. ಆರ್ಲಿಂಗ್ಟನ್‌ಗೆ 1, ಅಲೆಗ್ಸಾಂಡ್ರಿಯಾಕ್ಕೆ 2, ವಿಮಾನ ನಿಲ್ದಾಣಗಳಿಗೆ 3, ಫೇರ್‌ಫ್ಯಾಕ್ಸ್‌ಗೆ 4, ಪ್ರಿನ್ಸ್ ವಿಲಿಯಂಗೆ 5, ಲೌಡನ್‌ಗೆ 6. ನದಿಯಾಚೆ ಮಾಂಟ್ಗೊಮರಿಗೆ 7, ಪ್ರಿನ್ಸ್ ಜಾರ್ಜಸ್‌ಗೆ 8. ಹಾಗಾಗಿ ಕ್ಲಾರೆಂಡನ್‌ನ ಎಂಜಿನ್ 104, ಅಲೆಗ್ಸಾಂಡ್ರಿಯಾದ್ದು 204, ಹರ್ನ್‌ಡನ್‌ನದು 404. ಡಿ.ಸಿ. ನಗರ ಮಾತ್ರ ತನ್ನ ಹಳೆಯ ಬರೀ ಅಂಕಿಗಳನ್ನೇ ಉಳಿಸಿಕೊಂಡಿದೆ. ಮೂರಂಕಿ ಕೇಳಿಸಿದರೆ ಕೌಂಟಿ, ಒಂದೋ ಎರಡೋ ಅಂಕಿ ಕೇಳಿಸಿದರೆ ಡಿ.ಸಿ. ಅಂತ ಕಿವಿಗೆ ಗೊತ್ತಾಗಿಬಿಡುವುದರಿಂದ ಅದೂ ಒಂದು ಗುರುತೇ ಆಗಿಹೋಗಿದೆ.

ಹರ್ನ್‌ಡನ್, ಶಾಂಟಿಲಿ, ಆಶ್‌ಬರ್ನ್ ಕಡೆ ಮನೆ ಮಾಡಿರುವ ಕನ್ನಡದವರು ತಮ್ಮ ಬೀದಿಯಲ್ಲಿ ಓಡಾಡುವ ಗಾಡಿಗಳ ಬಾಗಿಲನ್ನು ಒಮ್ಮೆ ನೋಡಿ. ಶಾಂಟಿಲಿಯಲ್ಲಿ 415, ಆಶ್‌ಬರ್ನ್‌ನಲ್ಲಿ 606. ಆಶ್‌ಬರ್ನ್ ಲೌಡನ್ ಕೌಂಟಿ, ಅದಕ್ಕೇ ಆರು. ಗಡಿಯ ಹತ್ತಿರದ ಮನೆಯಾದರೆ 4ರವರೂ 6ರವರೂ ಒಟ್ಟಿಗೆ ಬಂದು ನಿಂತಾರು, ಗಾಬರಿಯಾಗಬೇಡಿ. ನೀವು 911ಕ್ಕೆ ಕರೆ ಮಾಡುವಾಗ ಈ ಅಂಕಿ ಯಾವುದೂ ಬೇಕಿಲ್ಲ, ವಿಳಾಸ ಸರಿಯಾಗಿ ಹೇಳಿದರೆ ಸಾಕು.

ಅಂಕಿಯ ಸಾಲಿನಲ್ಲಿ ಕೆಲವು ಸೋಜಿಗಗಳಿವೆ. ಫೇರ್‌ಫ್ಯಾಕ್ಸ್ ನಗರ ಕಾನೂನಿನ ಪ್ರಕಾರ ಕೌಂಟಿಯಿಂದ ಬೇರೆ, ಅದಕ್ಕೆ ತನ್ನದೇ ಅಗ್ನಿಶಾಮಕ ದಳ. ಆದರೂ ಅದರ ಎರಡು ಠಾಣೆಗಳು 403 ಮತ್ತು 433, ಕೌಂಟಿಯ ಸಾಲಿನ ನಡುವೆಯೇ ಕೂತಿವೆ. ಕರೆ ಬಂದಾಗ ಗಾಡಿ ಕಳಿಸುವ ಡಿಸ್ಪ್ಯಾಚ್ ಕೇಂದ್ರ ಇಬ್ಬರಿಗೂ ಒಂದೇ ಆದ್ದರಿಂದ ಹೀಗೆ. ಅಂದರೆ ಮೊದಲ ಅಂಕಿ ಸಂಬಳ ಕೊಡುವವರು ಯಾರು ಅಂತ ಹೇಳುವುದಿಲ್ಲ, ಯಾವ ಕೇಂದ್ರ ಕಳಿಸುತ್ತದೆ ಅಂತ ಹೇಳುತ್ತದೆ. ಇನ್ನು ಕೌಂಟಿಯ ಪಟ್ಟಿಯಲ್ಲಿ 442 ಆದಮೇಲೆ ಬರುವುದು 444. ಬಿಟ್ಟ ಅಂಕಿ ಕಂಡರೆ ತಪ್ಪು ಅಂದುಕೊಳ್ಳಬೇಡಿ. ಠಾಣೆಯ ಅಂಕಿಗಳು ಕಾಲದಿಂದ ಕಾಲಕ್ಕೆ ಬೆಳೆದು ಬಂದವು, ಒಬ್ಬರು ಕೂತು ಒಂದೇ ದಿನ ಬರೆದವಲ್ಲ.

ಇಷ್ಟು ಚೆಂದದ ಏರ್ಪಾಟಿಗೂ ಒಂದು ಕಿವಿನೋವು ಉಂಟು. ರೇಡಿಯೊದಲ್ಲಿ ಅಂಕಿಯನ್ನು ಇಂಗ್ಲಿಷಿನಲ್ಲಿ 'ಫೋರ್ ಥರ್ಟೀನ್', 'ಫೋರ್ ಥರ್ಟಿ' ಅಂತ ಹೇಳುತ್ತಾರೆ. ಸೈರನ್ ಕೂಗುತ್ತಿರುವಾಗ, ಮುಖಕ್ಕೆ ಮಾಸ್ಕ್ ಇರುವಾಗ ಥರ್ಟೀನ್‌ನ ಕೊನೆಯ 'ನ್' ಎಲ್ಲೋ ಕರಗಿಹೋಗುತ್ತದೆ. 413 ಡನ್ ಲೋರಿಂಗ್ ಠಾಣೆ, 430 ಮೆರಿಫೀಲ್ಡ್ ಠಾಣೆ. ಈ ಎರಡು ಊರುಗಳು ಎಷ್ಟು ಹತ್ತಿರ ಅಂದರೆ ಮೆಟ್ರೊ ನಿಲ್ದಾಣದ ಹೆಸರೇ 'ಡನ್ ಲೋರಿಂಗ್–ಮೆರಿಫೀಲ್ಡ್'. ಹಾಗಾಗಿ ಒಂದೇ ಕರೆಗೆ ಎರಡೂ ಹೋಗುವುದು ಮಾಮೂಲು. 414 ಬರ್ಕ್ ಮತ್ತು 440 ಫೇರ್‌ಫ್ಯಾಕ್ಸ್ ಸೆಂಟರ್ ಜೋಡಿಯೂ ('ಫೋರ್ಟೀನ್', 'ಫೋರ್ಟಿ') ಕಿವಿಗೆ ಹೀಗೇ ಗೊಂದಲ. ಅನುಮಾನ ಬಂದಾಗ 'ಫೋರ್ ಒನ್ ತ್ರೀ', 'ಫೋರ್ ತ್ರೀ ಜೀರೊ' ಅಂತ ಅಂಕಿ ಅಂಕಿ ಬಿಡಿಸಿ ಹೇಳುವುದೇ ಮದ್ದು. ಅನುಮಾನ ಬರಲಿ ಅಂತ ಕಾಯದೆ ಯಾವಾಗಲೂ ಬಿಡಿಸಿಯೇ ಹೇಳಬೇಕು ಅನ್ನುವುದು ನನ್ನ ಮಟ್ಟಿಗೆ ಸರಿ. ಅರ್ಧ ಸೆಕೆಂಡು ಹೆಚ್ಚು ಹೋಗುತ್ತದೆ, ಹೋಗಲಿ.

ಒಂದೇ ಠಾಣೆಯಲ್ಲಿ ಒಂದೇ ಬಗೆಯ ಎರಡು ಗಾಡಿ ಇದ್ದರೆ? ಈಗಿನ ರೂಢಿಯಲ್ಲಿ ಎರಡನೆಯದಕ್ಕೆ ಬಾಲಕ್ಕೊಂದು 'ಬಿ'. ರೇಡಿಯೊದಲ್ಲಿ 'ಬ್ರಾವೊ' ಅನ್ನಬೇಕು, ಏಕೆಂದರೆ ಬಿ, ಡಿ, ಇ, ಪಿ, ಟಿ ಎಲ್ಲ ಗದ್ದಲದಲ್ಲಿ ಒಂದೇ. ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಹಿಂದೆ ಬೇರೆ ಪದ್ಧತಿ ಇತ್ತು: ಮೊದಲೆರಡು ಅಂಕಿ ಠಾಣೆ, ಕೊನೆಯದು ಆ ಠಾಣೆಯ ಎಷ್ಟನೇ ಎಂಜಿನ್ ಅಂತ. 33ನೇ ಠಾಣೆಯ ಮೊದಲ ಎಂಜಿನ್ 331, ಮೂರನೆಯದು 333. ಒಳಗೊಳಗೆ ಅದೂ ಅಚ್ಚುಕಟ್ಟು. ಆದರೆ ಸುತ್ತಲಿನವರೆಲ್ಲ ಮೊದಲ ಅಂಕಿಯನ್ನು ಕೌಂಟಿ ಅಂತ ಓದುವಾಗ 331 ಅಂದರೆ ವಿಮಾನ ನಿಲ್ದಾಣದ ಗಾಡಿ ಅನ್ನಿಸುತ್ತದಲ್ಲ! ಒಬ್ಬರು ಹಿಂದಿನಿಂದ, ಇನ್ನೊಬ್ಬರು ಮುಂದಿನಿಂದ ಓದಿದರೆ ಹೀಗೇ ಆಗುವುದು.

ಇನ್ನು ಅಂಕಿಗೆ ಮೊದಲು ಬರುವ 'ಎಂಜಿನ್'ನಂಥ ಪದಕ್ಕೆ ಬರೋಣ. ನಿಜವಾದ ತಿರುಳು ಅಲ್ಲಿದೆ, ಏಕೆಂದರೆ ಆ ಪದ ಗಾಡಿಯ ಬಣ್ಣನೆಯಲ್ಲ, ಗಾಡಿಗೆ ಒಪ್ಪಿಸಿದ ಕೆಲಸ.

'ಎಂಜಿನ್' ಅಂದರೆ ಪಂಪು, ನೀರಿನ ಟ್ಯಾಂಕು, ಹೋಸ್ ಪೈಪು ಮೂರೂ ಇರುವ ಗಾಡಿ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1901 ಎಂಬ ಮಾನದಂಡದಲ್ಲಿ (ಈಗ ಅದು 1900 ಎಂಬುದರೊಳಗೆ ಸೇರಿದೆ) ಪಂಪರ್‌ಗೆ, ಅಂದರೆ ಇಂಥ ಎಂಜಿನ್ನಿಗೆ, ಕನಿಷ್ಠ ನಿಮಿಷಕ್ಕೆ 750 ಗ್ಯಾಲನ್ ಪಂಪು, 300 ಗ್ಯಾಲನ್ ಟ್ಯಾಂಕು ಬೇಕು. ಎರಡೂವರೆ ಇಂಚು ಅಥವಾ ಅದಕ್ಕಿಂತ ದಪ್ಪದ ಸಪ್ಲೈ ಪೈಪು 800 ಅಡಿ, ಬೆಂಕಿಗೆ ಹೊಡೆಯುವ ಸಣ್ಣ ಪೈಪು 400 ಅಡಿ. ಪೇಟೆಯ ಕೌಂಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದಕ್ಕಿಂತ ದೊಡ್ಡದು, 1500 ಗ್ಯಾಲನ್ ಪಂಪು, 500 ಗ್ಯಾಲನ್ ಟ್ಯಾಂಕು ಇತ್ಯಾದಿ. 500 ಗ್ಯಾಲನ್ ಅಂದರೆ ಸುಮಾರು 1,890 ಲೀಟರ್. ಒಂದು ಮುಕ್ಕಾಲು ಇಂಚಿನ ಪೈಪು ನಿಮಿಷಕ್ಕೆ 150 ಗ್ಯಾಲನ್ ಎಳೆಯುತ್ತದೆ ಅಂದುಕೊಂಡರೆ ಟ್ಯಾಂಕಿನ ನೀರು ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಖಾಲಿ. ಎರಡು ಪೈಪು ಬಿಟ್ಟರೆ ಒಂದು ನಿಮಿಷ ನಲವತ್ತು ಸೆಕೆಂಡು. ಮೊದಲ ಎಂಜಿನ್‌ನವರು ಒಳನುಗ್ಗಿದಾಗ ಎರಡನೇ ಎಂಜಿನ್ ಹೈಡ್ರಂಟ್ (ಬೀದಿಬದಿಯ ನೀರಿನ ಕೊಳಾಯಿ) ಹಿಡಿಯುವುದು ಯಾಕೆ ಅಷ್ಟು ಮುಖ್ಯ ಅಂತ ಈ ಲೆಕ್ಕದಲ್ಲೇ ಇದೆ.

ಎಂಜಿನ್ ಅನ್ನಿಸಿಕೊಳ್ಳುವ ಯೋಗ್ಯತೆಯನ್ನು ವರ್ಷಕ್ಕೊಮ್ಮೆ ಸಾಬೀತು ಮಾಡಬೇಕು. ಪಂಪಿನ ಪೂರ್ತಿ ಸಾಮರ್ಥ್ಯ 150 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದಲ್ಲಿ 20 ನಿಮಿಷ, ಅದೇ ಹರಿವು 165 ಪಿಎಸ್‌ಐನಲ್ಲಿ 5 ನಿಮಿಷ, 70 ಶೇಕಡಾ ಹರಿವು 200 ಪಿಎಸ್‌ಐನಲ್ಲಿ 10 ನಿಮಿಷ, 50 ಶೇಕಡಾ 250 ಪಿಎಸ್‌ಐನಲ್ಲಿ 10 ನಿಮಿಷ. ನಿರ್ವಾತ ಪರೀಕ್ಷೆಯೂ ಇದೆ: 22 ಇಂಚು ಪಾದರಸದಷ್ಟು ಗಾಳಿ ಎಳೆದು ಬಿಟ್ಟರೆ ಐದು ನಿಮಿಷದಲ್ಲಿ 10 ಇಂಚಿಗಿಂತ ಹೆಚ್ಚು ಇಳಿಯಬಾರದು. ಇಳಿದರೆ ಎಲ್ಲೋ ಗ್ಯಾಸ್ಕೆಟ್ಟೋ ವಾಲ್ವೋ ಪಂಪಿನ ಪ್ಯಾಕಿಂಗೋ ಸೋರುತ್ತಿದೆ. ಹೈಡ್ರಂಟಿನಿಂದ ಕೆಲಸ ಮಾಡುವಾಗ ಈ ಸೋರಿಕೆ ಗೊತ್ತೇ ಆಗುವುದಿಲ್ಲ, ಕೆರೆಯಿಂದ ನೀರೆಳೆಯಲು ಹೋದ ದಿನ ಬಣ್ಣ ಬಯಲಾಗುತ್ತದೆ.

'ಟ್ರಕ್' ಅಂದರೆ ಏಣಿಯ ಗಾಡಿ. ಮಾತಿನಲ್ಲಿ 'ಫೈರ್ ಟ್ರಕ್' ಅಂತ ಯಾವುದನ್ನು ಬೇಕಾದರೂ ಕರೆಯಿರಿ, ರೇಡಿಯೊದಲ್ಲಿ ಟ್ರಕ್ ಅಂದರೆ ಏಣಿಯೇ. ಎಷ್ಟೋ ಟ್ರಕ್‌ಗಳಲ್ಲಿ ಪಂಪೂ ಇಲ್ಲ, ಒಂದು ತೊಟ್ಟು ನೀರೂ ಇಲ್ಲ. ಬೀದಿಯ ಜನ 'ಇಷ್ಟು ದೊಡ್ಡ ಗಾಡಿ ಬಂತು, ನೀರು ಬಿಡ್ತಾ ಇಲ್ಲ' ಅಂತ ಬೈಯುವುದು ಇದರ ಮುಂದೆ ನಿಂತು. ಅವರ ಕೆಲಸ ಬಾಗಿಲು ಒಡೆಯುವುದು, ಒಳಗೆ ಸಿಕ್ಕಿದವರನ್ನು ಹುಡುಕುವುದು, ಏಣಿ ಹಾಕುವುದು, ಹೊಗೆಗೆ ದಾರಿ ಮಾಡಿಕೊಡುವುದು, ವಿದ್ಯುತ್ತು ಅನಿಲ ಕಡಿಯುವುದು. ಮೇಲೆ ಕಾಣುವ ದೊಡ್ಡ ಏಣಿಯಲ್ಲದೆ ಕೈಯಲ್ಲಿ ಹೊರುವ ಏಣಿಗಳು ಒಟ್ಟು 115 ಅಡಿ ಉದ್ದದಷ್ಟು ಇರಬೇಕು. ತುದಿಯಲ್ಲಿ ಬುಟ್ಟಿ ಇದ್ದರೆ ಅದು 'ಟವರ್'. ಹಿಂದಿನ ಚಕ್ರಕ್ಕೂ ಒಬ್ಬ ಚಾಲಕ ಕೂತು ತಿರುಗಿಸುವ ಉದ್ದನೆಯ ಗಾಡಿ 'ಟಿಲ್ಲರ್', ಅದು ರಚನೆಯ ಹೆಸರಷ್ಟೆ, ಕರೆಯುವಾಗ ಅದೂ ಟ್ರಕ್ಕೇ. ಟವರ್ ಅಂತ ಬೇರೆ ಕರೆಯುವುದಕ್ಕೆ ಕಾರಣವಿದೆ. ಬುಟ್ಟಿಯ ಗಾಡಿಗೆ ಸಾಮಾನ್ಯವಾಗಿ ಭಾರ ಹೆಚ್ಚು, ಗಾಡಿ ವಾಲದಂತೆ ಬದಿಗೆ ಚಾಚುವ ಕಾಲುಗಳಿಗೆ ಜಾಗ ಹೆಚ್ಚು ಬೇಕು. ಕಿರಿದಾದ ಟೌನ್‌ಹೌಸ್ ಓಣಿಯ ಬಾಯಲ್ಲಿ ಯಾರನ್ನು ಮೊದಲು ಬಿಡಬೇಕು ಅಂತ ನಿರ್ಧರಿಸುವವರಿಗೆ ಆ ಪದ ಕಿವಿಗೆ ಬೀಳಬೇಕು.

ಇಲ್ಲೇ ಕಂಪ್ಯೂಟರಿನವರ ತಲೆನೋವು: ಟ್ರಕ್, ಟವರ್, ಟ್ಯಾಂಕರ್ ಮೂರಕ್ಕೂ ಮೊದಲಕ್ಷರ 'ಟಿ'. ಪರದೆಯ ಮೇಲೆ ಒಂದಕ್ಷರದ ಸಂಕೇತ ಸಾಲುವುದಿಲ್ಲ. ಒಂದೊಂದು ಕೌಂಟಿ ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿದೆ. ಬಾಯಲ್ಲಿ ಹೇಳುವಾಗ ಮಾತ್ರ ಪೂರ್ತಿ ಪದವೇ ಹೇಳಬೇಕು ಅನ್ನುವುದು ಎಲ್ಲರೂ ಒಪ್ಪುವ ಮಾತು.

'ಕ್ವಿಂಟ್' ಅನ್ನುವುದು ನನಗೆ ಅಷ್ಟು ರುಚಿಸದ ಹೆಸರು. ಪಂಪು, ಟ್ಯಾಂಕು, ಹೋಸು, ಮೇಲಿನ ಏಣಿ, ಕೈ ಏಣಿ ಐದೂ ಒಂದೇ ಗಾಡಿಯಲ್ಲಿ. ಗಾಡಿ ಒಳ್ಳೆಯದೇ. ತೊಂದರೆ ಇರುವುದು ಕಾಗದದ ಮೇಲೆ. ನಾಲ್ಕು ಜನ ಕೂತ ಒಂದು ಕ್ವಿಂಟ್ ಅನ್ನು ಎಂಜಿನ್ ಪಟ್ಟಿಯಲ್ಲೂ ಟ್ರಕ್ ಪಟ್ಟಿಯಲ್ಲೂ ಎಣಿಸುವ ಆಸೆ ಬಜೆಟ್ ಬರೆಯುವವರಿಗೆ ಬರುತ್ತದೆ. ಬೆಂಕಿಯ ಮುಂದೆ ನಿಂತ ನಾಲ್ಕು ಜನ ಪೈಪು ಹಿಡಿದರೆ ಏಣಿ ಹಾಕುವವರಿಲ್ಲ, ಏಣಿ ಹಾಕಿದರೆ ಪೈಪು ಹಿಡಿಯುವವರಿಲ್ಲ. ಜೊತೆಗೆ, ಅದು ಮೊದಲು ಬಂದು ಎಂಜಿನ್ನಿನಂತೆ ಮನೆ ದಾಟಿ ಮುಂದೆ ನಿಂತುಬಿಟ್ಟರೆ ಏಣಿ ತಿರುಗಿಸಲು ಬೇಕಾದ ಕೋನವೇ ಸಿಗುವುದಿಲ್ಲ. ಹಾಗಾಗಿ ಕರೆ ಹೋಗುವಾಗಲೇ ಅದಕ್ಕೆ ಎಂಜಿನ್ ಪಾತ್ರವೋ ಟ್ರಕ್ ಪಾತ್ರವೋ ಅಂತ ಗೊತ್ತುಮಾಡಿ ಹೇಳುವ ಕಡೆ ಮಾತ್ರ ಕ್ವಿಂಟ್ ನೆಟ್ಟಗೆ ಕೆಲಸ ಮಾಡುತ್ತದೆ.

ಆಂಬ್ಯುಲೆನ್ಸಿಗೂ ಎರಡು ಹೆಸರು. ಫೇರ್‌ಫ್ಯಾಕ್ಸ್‌ನಲ್ಲಿ 'ಮೆಡಿಕ್' ಅಂದರೆ ಪ್ಯಾರಾಮೆಡಿಕ್ ಇರುವ ಗಾಡಿ, ನಾಳಕ್ಕೆ ಔಷಧಿ ಕೊಡಬಲ್ಲವರು. 'ಆಂಬ್ಯುಲೆನ್ಸ್' ಅಂದರೆ ಪ್ರಾಥಮಿಕ ಮಟ್ಟದ ತುರ್ತು ಚಿಕಿತ್ಸೆಯವರು, ಇಎಂಟಿಗಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಡಬ್ಬ. ಮಾಂಟ್ಗೊಮರಿಯವರು ಇದನ್ನು ಎಂಜಿನ್ನಿಗೂ ಎಳೆದರು: ಪ್ಯಾರಾಮೆಡಿಕ್ ಕೂತಿದ್ದರೆ 'ಪಿಇ', ಪ್ಯಾರಾಮೆಡಿಕ್ ಎಂಜಿನ್, ಇಲ್ಲದಿದ್ದರೆ ಬರೀ 'ಇ'. ಅಂದರೆ ಅದೇ ಗಾಡಿಯ ಹೆಸರು ಆವತ್ತಿನ ಪಾಳಿಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ. ಹೃದಯಾಘಾತದ ಕರೆಗೆ ಯಾರನ್ನು ಕಳಿಸಬೇಕು ಅಂತ ಕಂಪ್ಯೂಟರ್ ಆಯ್ಕೆ ಮಾಡುವಾಗ ಇದು ಬಹಳ ಉಪಯೋಗ. ಆದರೆ ನಡುವೆ ಪ್ಯಾರಾಮೆಡಿಕ್ ರೋಗಿಯ ಜೊತೆ ಆಸ್ಪತ್ರೆಗೆ ಹತ್ತಿಹೋದರೆ 'ಪಿ' ಕಳಚಬೇಕು. ಕಳಚಲು ಮರೆತರೆ ಮುಂದಿನ ಕರೆಯವರಿಗೆ ಇಲ್ಲದ ಪ್ಯಾರಾಮೆಡಿಕ್ ಬರುತ್ತಿದ್ದಾರೆ ಅಂತ ಲೆಕ್ಕ.

ಕೌಂಟಿ ಬಿಟ್ಟು ರಾಜ್ಯ ದಾಟಿದರೆ ಪದಗಳೇ ಅರ್ಥ ಬದಲಿಸುತ್ತವೆ. ಫೇರ್‌ಫ್ಯಾಕ್ಸ್‌ನಲ್ಲಿ 'ರೆಸ್ಕ್ಯೂ' ಅಂದರೆ ಜಖಂ ಆದ ಕಾರು ಕತ್ತರಿಸುವ ಹೈಡ್ರಾಲಿಕ್ ಸಲಕರಣೆ, ಹಗ್ಗ, ಮರದ ದಿಮ್ಮಿ ತುಂಬಿದ ಭಾರಿ ಗಾಡಿ. ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿಯಲ್ಲಿ 'ರೆಸ್ಕ್ಯೂ' ಅಂದರೆ ಆಂಬ್ಯುಲೆನ್ಸ್. ಮೇರಿಲ್ಯಾಂಡ್‌ನಲ್ಲಿ 'ರೆಸ್ಕ್ಯೂ ಸ್ಕ್ವಾಡ್' ಅಂದರೆ ಮತ್ತೆ ಅದೇ ಭಾರಿ ಗಾಡಿ, ಲಾಸ್ ಏಂಜಲೀಸ್ ಕೌಂಟಿಯಲ್ಲಿ 'ಸ್ಕ್ವಾಡ್' ಅಂದರೆ ಇಬ್ಬರು ಪ್ಯಾರಾಮೆಡಿಕ್‌ಗಳು ಬರುವ ಸಣ್ಣ ಗಾಡಿ, ರೋಗಿಯನ್ನು ಮಲಗಿಸಿ ಒಯ್ಯಲು ಅದರಲ್ಲಿ ಜಾಗವೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗೊಂದಲ ನೀರಿನ ಗಾಡಿಯದು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ಹೈಡ್ರಂಟ್ ಇಲ್ಲದ ಹಳ್ಳಿಗೆ ನೀರು ಹೊರುವ ಗಾಡಿ 'ಟ್ಯಾಂಕರ್'. ಕ್ಯಾಲಿಫೋರ್ನಿಯಾದಲ್ಲಿ ಟ್ಯಾಂಕರ್ ಅಂದರೆ ಆಕಾಶದಿಂದ ನೀರೋ ಕೆಂಪು ದ್ರಾವಣವೋ ಸುರಿಯುವ ವಿಮಾನ. ನೆಲದ ಮೇಲಿನದು 'ವಾಟರ್ ಟೆಂಡರ್'. ಇನ್ನು ನಮ್ಮ ದೇಶಕ್ಕೆ ಬನ್ನಿ: ಇಲ್ಲಿ 'ವಾಟರ್ ಟೆಂಡರ್' ಅಂದರೆ ಪಂಪು, ಹೋಸು, ಏಣಿ, ಸಿಬ್ಬಂದಿ ಎಲ್ಲ ಇರುವ ಮುಖ್ಯ ಗಾಡಿ, ಅಮೆರಿಕದವರ ಭಾಷೆಯಲ್ಲಿ ಎಂಜಿನ್. ಭಾರತೀಯ ಮಾನದಂಡ ಐಎಸ್ 950ರ 'ಟೈಪ್ ಬಿ' ವಾಟರ್ ಟೆಂಡರ್ 4,500 ಲೀಟರ್ ಹೊರುತ್ತದೆ, ಅಲ್ಲಿನ ಪೇಟೆಯ ಎಂಜಿನ್ನಿನ ಎರಡು ಪಟ್ಟಿಗಿಂತ ಹೆಚ್ಚು. ಎಲ್ಲೆಡೆ ಹೈಡ್ರಂಟ್ ಸಿಗದ ಊರುಗಳಿಗೆ ಅಷ್ಟು ಬೇಕೇ ಬೇಕು. ಬರೀ ನೀರು ಹೊರುವುದಕ್ಕೆ ನಮ್ಮವರು 'ವಾಟರ್ ಬೌಸರ್' ಅನ್ನುತ್ತಾರೆ. ಹಾಗಾಗಿ ಕ್ಯಾಲಿಫೋರ್ನಿಯಾದ ಸುದ್ದಿಯಲ್ಲಿ 'ಹತ್ತು ವಾಟರ್ ಟೆಂಡರ್ ಕಳಿಸಿದರು' ಅಂತ ಓದಿ ಹತ್ತು ಫೈರ್ ಎಂಜಿನ್ ಅಂತ ಅನುವಾದಿಸಿದರೆ ಪೂರ್ತಿ ತಪ್ಪು.

ಟ್ಯಾಂಕರಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಫೇರ್‌ಫ್ಯಾಕ್ಸ್‌ನಲ್ಲೂ ಗ್ರೇಟ್ ಫಾಲ್ಸ್ (412), ಕ್ಲಿಫ್ಟನ್ (416) ಕಡೆ ಹೈಡ್ರಂಟ್ ಇಲ್ಲದ ಜಾಗಗಳಿವೆ. ಒಂದು ಟ್ಯಾಂಕರ್ 3,000 ಗ್ಯಾಲನ್ ಹೊರುತ್ತದೆ ಅನ್ನಿ. ನೀರೇ 11 ಟನ್ನಿಗಿಂತ ಹೆಚ್ಚು. ಸುರಿಯುವುದು, ವಾಪಸ್ ಹೋಗುವುದು, ತುಂಬಿಸುವುದು, ಮತ್ತೆ ಬರುವುದು ಸೇರಿ ಒಂದು ಸುತ್ತಿಗೆ 20 ನಿಮಿಷ. ತಳದಲ್ಲಿ ಉಳಿಯುವುದು, ಚೆಲ್ಲುವುದು ಅಂತ 10 ಶೇಕಡಾ ಕಳೆಯಿರಿ: 2,700 ಭಾಗಿಸು 20, ನಿಮಿಷಕ್ಕೆ 135 ಗ್ಯಾಲನ್. ಅಂದರೆ ಆ ದೈತ್ಯ ಗಾಡಿ ಒಬ್ಬನೇ ಓಡಾಡಿದರೆ ಒಂದು ಸಣ್ಣ ಪೈಪಿಗೂ ಪೂರ್ತಿ ಸಾಲದು. ಎರಡು ಪೈಪು ನಿರಂತರ ನಡೆಯಬೇಕಾದರೆ ಮೂರು ಟ್ಯಾಂಕರ್ ಬೇಕು, ತುಂಬಿಸುವ ಜಾಗದಲ್ಲೊಂದು ಎಂಜಿನ್ ಬೇಕು. ಇಲ್ಲಿ ಕಮಾಂಡರ್ 'ಟೆಂಡರ್' ಅಂದು ಡಿಸ್ಪ್ಯಾಚರ್ ಬೇರೇನೋ ಕೇಳಿಸಿಕೊಂಡರೆ ಕಳೆದುಕೊಳ್ಳುವುದು ಒಂದೊಂದು ಸುತ್ತಿಗೂ 20 ನಿಮಿಷ.

ಹೆಸರು ಯಾಕೆ ಆದೇಶವೇ ಆಗುತ್ತದೆ ಅಂತ ಮನೆ ಬೆಂಕಿಯ ಕರೆಯೊಂದರಲ್ಲಿ ನೋಡಬಹುದು. ನಾಲ್ಕು ಎಂಜಿನ್, ಒಂದೆರಡು ಟ್ರಕ್, ಒಂದು ರೆಸ್ಕ್ಯೂ, ಒಂದು ಮೆಡಿಕ್, ಹಲವು ಠಾಣೆಗಳ ಗುಂಪಿಗೆ ಮೇಲಧಿಕಾರಿಗಳಾದ ಬೆಟಾಲಿಯನ್ ಚೀಫ್‌ಗಳು ಹೊರಟರು ಅಂದುಕೊಳ್ಳಿ. ಡಿಸ್ಪ್ಯಾಚರ್ ಹೆಸರು ಓದಿದ ಕ್ರಮವೇ ಕೆಲಸದ ಹಂಚಿಕೆ. ಮೊದಲು ಓದಿದ ಎಂಜಿನ್ ಮುಂಬಾಗಿಲಿಂದ ಪೈಪು ಒಯ್ಯಬೇಕು. ಎರಡನೆಯದು ಅದಕ್ಕೆ ನೀರು ಹೊಂದಿಸಿ ಬೆಂಬಲದ ಪೈಪು ಹಿಡಿಯಬೇಕು. ಮೂರನೆಯದು ಮನೆಯ ಹಿಂಬದಿ, ಅವರ ಮಾತಿನಲ್ಲಿ 'ಸೈಡ್ ಚಾರ್ಲಿ'. ನಾಲ್ಕನೆಯದು ಒಳಗೆ ಹೋದ ಸಹೋದ್ಯೋಗಿಗಳು ಸಿಕ್ಕಿಬಿದ್ದರೆ ಎತ್ತಲು ಸಜ್ಜಾಗಿ ನಿಲ್ಲುವ ತಂಡ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಮುಂಚೆ ಬಂದುಬಿಟ್ಟರೆ ಮಾತ್ರ ರೇಡಿಯೊದಲ್ಲಿ ಸಾರಿ ಜಾಗ ಬದಲಿಸಿಕೊಳ್ಳಬೇಕು. ಸಾರದೆ ನುಗ್ಗಿದರೆ ಮುಂಬಾಗಿಲಲ್ಲಿ ಇಬ್ಬರು, ಹೈಡ್ರಂಟ್ ಹತ್ತಿರ ಯಾರೂ ಇಲ್ಲ. ಆ ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಲೆಕ್ಕ ಆಗ ನೆನಪಾಗುತ್ತದೆ.

ಬೆಟಾಲಿಯನ್ ಚೀಫ್‌ನ ಅಂಕಿಯಲ್ಲಿ ಹೊಸಬರು ಎಡವುತ್ತಾರೆ. ಅದು ಬೆಟಾಲಿಯನ್‌ನ ಎಣಿಕೆ, ಠಾಣೆಯದಲ್ಲ. ಅಂಕಿ ಒಂದೇ ಅಂತ ಎಂಜಿನ್ನಿನ ಜೊತೆ ಅದೇ ಠಾಣೆಯಿಂದ ಬರುತ್ತಾರೆ ಅಂತ ಲೆಕ್ಕ ಹಾಕಿದರೆ ತಪ್ಪಬಹುದು.

ಹೆಸರು ಕೆಲಸದ್ದು ಅಂದಮೇಲೆ ಅದು ಲೋಹದ ಗಾಡಿಗೆ ಅಂಟಿಕೊಂಡಿಲ್ಲ. ಎಂಜಿನ್ 404 ಬ್ರೇಕ್ ರಿಪೇರಿಗೆ ಹೋದರೆ ಆ ಸಿಬ್ಬಂದಿ ಹತ್ತಿದ ರಿಸರ್ವ್ ಗಾಡಿಯೇ ಎಂಜಿನ್ 404. ವರ್ಕ್‌ಶಾಪಿನವರಿಗೆ ಗಾಡಿಯ ಅಂಕಿ ಬೇರೆ, ಅದು ಕೊನೆವರೆಗೂ ಬದಲಾಗದು. ಈ ಬದಲಾವಣೆಯ ಗಂಟೆಯಲ್ಲೇ ಅತಿ ಹೆಚ್ಚು ತಪ್ಪು ಆಗುವುದು. ಮೊದಲು ಡಿಸ್ಪ್ಯಾಚ್‌ಗೆ ಹೇಳಿ ಗಾಡಿಯನ್ನು ಸೇವೆಯಿಂದ ಇಳಿಸಬೇಕು. ಆಮೇಲೆ ಉಸಿರಾಟದ ಸಿಲಿಂಡರ್ ಸೆಟ್ಟುಗಳು, ಥರ್ಮಲ್ ಕ್ಯಾಮೆರಾ, ಹೃದಯದ ಮಾನಿಟರ್, ಬೀಗ ಹಾಕಿದ ಔಷಧಿ ಪೆಟ್ಟಿಗೆ, ಕೈ ರೇಡಿಯೊಗಳು, ಸಿಬ್ಬಂದಿಯ ಹೆಸರಿನ ಚೀಟಿ ಹಾಕುವ ಹಲಗೆ, ಎಲ್ಲ ಸಾಗಿಸಬೇಕು. ಬಾಗಿಲಿನ ಅಂಕಿ ಫಲಕ ಬದಲಿಸಬೇಕು. ಗಾಡಿಯ ಕಂಪ್ಯೂಟರಿನಲ್ಲಿ 404 ಅಂತ ಲಾಗಿನ್ ಆಗಬೇಕು. ಪಂಪು ಹಾಕಿ ನೀರು ಒಂದು ಸಲ ಓಡಿಸಿ ನೋಡಬೇಕು. ರಿಸರ್ವ್ ಗಾಡಿಯ ಪೈಪಿನ ಉದ್ದ ಎಣಿಸಬೇಕು: ತಮ್ಮ ಗಾಡಿಯಲ್ಲಿ 200 ಅಡಿ ಇರುವ ಜಾಗದಲ್ಲಿ ಇದರಲ್ಲಿ 150 ಇದ್ದರೆ ಮೂರನೇ ಮಹಡಿಯ ಬಾಗಿಲಿಗೆ ಒಂದು ತುಂಡು ಕಡಿಮೆ ಬೀಳುತ್ತದೆ.

ಕಂಪ್ಯೂಟರ್ ಲಾಗಿನ್ ಮರೆತರೆ ಜಿಪಿಎಸ್ ನಕ್ಷೆಯಲ್ಲಿ 404 ಇನ್ನೂ ವರ್ಕ್‌ಶಾಪಿನಲ್ಲೇ ನಿಂತಿರುತ್ತದೆ. ಹತ್ತಿರದ ಗಾಡಿ ಆರಿಸುವ ತಂತ್ರಾಂಶ ದೂರದವರನ್ನು ಕಳಿಸುತ್ತದೆ, ಪಕ್ಕದಲ್ಲಿ ನಿಂತ ಸಿಬ್ಬಂದಿಗೆ ಕರೆಯೇ ಬರುವುದಿಲ್ಲ. ರೇಡಿಯೊ ಮರೆತರೆ ಇನ್ನೂ ಕೆಟ್ಟದ್ದು. ಪ್ರತಿ ಕೈ ರೇಡಿಯೊಗೂ ಗಾಡಿಯ ಹೆಸರು, ಕೂತ ಜಾಗ ಎರಡೂ ಸೇರಿಸಿ ಗುರುತು ಇಟ್ಟಿರುತ್ತಾರೆ: 404ರ ಅಧಿಕಾರಿ, 404ರ ನಾಜಲ್ ಹಿಡಿಯುವವರು, ಹೀಗೆ. ಹೊಗೆಯೊಳಗೆ ದಾರಿ ತಪ್ಪಿದವರು ಕಿತ್ತಳೆ ಬಣ್ಣದ ತುರ್ತು ಗುಂಡಿ ಒತ್ತಿದರೆ ಡಿಸ್ಪ್ಯಾಚರ್ ಪರದೆಯ ಮೇಲೆ ಆ ಗುರುತು ಮೂಡುತ್ತದೆ. ರಿಸರ್ವ್ ಗಾಡಿಯಲ್ಲೇ ಇದ್ದ ಹಳೆಯ ರೇಡಿಯೊ ಎತ್ತಿಕೊಂಡಿದ್ದರೆ ಮೂಡುವುದು ಬೇರೆ ಹೆಸರು. ಕಮಾಂಡರ್ ತನ್ನ ಹಲಗೆಯಲ್ಲಿ ಹುಡುಕುತ್ತಾರೆ, ಆ ಹೆಸರಿನ ಗಾಡಿ ಈ ಬೆಂಕಿಗೆ ಬಂದೇ ಇಲ್ಲ.

ಕೊನೆಗೆ ಕ್ಯಾಲಿಫೋರ್ನಿಯಾದ ಪದ್ಧತಿ, ಏಕೆಂದರೆ ಅಲ್ಲಿ ನೂರಾರು ಮೈಲಿ ದೂರದ ಕೌಂಟಿಗಳು ಒಂದೇ ಕಾಡ್ಗಿಚ್ಚಿಗೆ ಸೇರುತ್ತವೆ. 1970ರ ಭಾರಿ ಬೆಂಕಿಗಳಲ್ಲಿ ದಳಗಳು ಪರಸ್ಪರ ಭಾಷೆ ಅರಿಯದೆ ಒದ್ದಾಡಿದ ಮೇಲೆ ಫೈರ್‌ಸ್ಕೋಪ್ ಅನ್ನುವ ಕೂಟ ಹುಟ್ಟಿತು. ಗಾಡಿಯನ್ನು ಹೆಸರಿನಿಂದಲ್ಲ, 'ಟೈಪ್' ಅಂಕಿಯಿಂದ ಕೇಳುವುದು ಅಲ್ಲಿಂದ ಬೆಳೆದ ರೂಢಿ. ಟೈಪ್ 1 ಅಂದರೆ ಪೇಟೆಯ ದೊಡ್ಡ ಎಂಜಿನ್, ಪಂಪು ನಿಮಿಷಕ್ಕೆ 1,000 ಗ್ಯಾಲನ್, ನಾಲ್ಕು ಜನ. ಟೈಪ್ 3 ಅಂದರೆ ಗುಡ್ಡಗಾಡಿನದು, 250 ಪಿಎಸ್‌ಐ ಒತ್ತಡದಲ್ಲಿ 150 ಗ್ಯಾಲನ್, 500 ಗ್ಯಾಲನ್ ಟ್ಯಾಂಕು, ಮೂರು ಜನ. ಟೈಪ್ 6 ಅಂದರೆ ಪಿಕಪ್ ಗಾತ್ರದ್ದು, 150 ಗ್ಯಾಲನ್ ಟ್ಯಾಂಕು. ಅಂಕಿ ದೊಡ್ಡದಾದಷ್ಟೂ ಗಾಡಿ ಚಿಕ್ಕದು, ಮೊದಲ ಸಲ ಕೇಳಿದವರೆಲ್ಲ ಉಲ್ಟಾ ತಿಳಿಯುತ್ತಾರೆ. ಟೈಪ್ 3 ಕೇಳುವ ಬದಲು 'ಎಂಜಿನ್ ಕಳಿಸಿ' ಅಂದರೆ ಮಣ್ಣಿನ ದಾರಿಯ ತಿರುವಿನಲ್ಲಿ ಟೈಪ್ 1 ಸಿಕ್ಕಿಹಾಕಿಕೊಂಡು ಹಿಂದಿನವರ ದಾರಿಯನ್ನೂ ಕಟ್ಟುತ್ತದೆ.

ಒಂದೇ ಟೈಪಿನ ಐದು ಎಂಜಿನ್, ಮೇಲೊಬ್ಬ ಮುಖಂಡ ಸೇರಿದರೆ 'ಸ್ಟ್ರೈಕ್ ಟೀಮ್'. ಬೇರೆ ಬೇರೆ ಬಗೆಯ ಗಾಡಿಗಳಾದರೆ 'ಟಾಸ್ಕ್ ಫೋರ್ಸ್'. ಸ್ಟ್ರೈಕ್ ಟೀಮಿನ ಹೆಸರೇ ಒಂದು ವಿಳಾಸ: ಮೂರಕ್ಷರದ ಕೌಂಟಿ ಸಂಕೇತ, ನಾಲ್ಕು ಅಂಕಿ, ಬಾಲಕ್ಕೆ ಒಂದಕ್ಷರ. ಎಕ್ಸ್‌ಎಲ್‌ಎ ಲಾಸ್ ಏಂಜಲೀಸ್ ಕೌಂಟಿ, ಎಕ್ಸ್‌ಎಸ್‌ಸಿ ಸ್ಯಾಂಟಾ ಕ್ಲಾರಾ, ಎಕ್ಸ್‌ಎಎಲ್ ಅಲಮೀಡಾ. ಕೊನೆಯ ಅಕ್ಷರ 'ಎ' ಆದರೆ ಟೈಪ್ 1, 'ಸಿ' ಆದರೆ ಟೈಪ್ 3. ಜನವರಿ 2025ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಲ್ಟಡೀನಾದ 'ಈಟನ್' ಕಾಡ್ಗಿಚ್ಚಿಗೆ ದೂರದೂರದ ಕೌಂಟಿಗಳಿಂದ ಗಾಡಿಗಳು ಬಂದಾಗ ಕಮಾಂಡ್ ಪೋಸ್ಟಿನವರು ಬಾಗಿಲಿನ ಊರಿನ ಹೆಸರು ಓದುತ್ತ ಕೂರುವುದು ಆಗದ ಮಾತು. ಈ ಸಂಕೇತ ಒಂದಿದ್ದರೆ ಎಲ್ಲಿಂದ ಬಂದವರು, ಎಂಥ ಗಾಡಿ, ಎಷ್ಟು ಗಾಡಿ ಮೂರೂ ತಿಳಿಯುತ್ತದೆ.

ಆಕಾಶದಲ್ಲಿರುವ ಹೆಲಿಕಾಪ್ಟರಿನವರಿಗೆ ಬಾಗಿಲು ಕಾಣದು. ಅದಕ್ಕೇ ಅಲ್ಲಿ ಎಷ್ಟೋ ಎಂಜಿನ್ನಿನ ಚಾವಣಿಯ ಮೇಲೆ ಅಂಕಿಯನ್ನು ದೊಡ್ಡದಾಗಿ ಬರೆದಿರುತ್ತಾರೆ. ರಿಸರ್ವ್ ಗಾಡಿ ಹತ್ತಿದ ದಿನ ಬಾಗಿಲ ಫಲಕ ಬದಲಿಸಿದವರು ಚಾವಣಿಯ ಮೇಲೂ ಒಂದು ಅಂಕಿ ಇದೆ ಅನ್ನುವುದನ್ನು ಬೆಟಾಲಿಯನ್‌ಗೆ ಹೇಳಿಟ್ಟಿರಬೇಕು. ಇಲ್ಲದಿದ್ದರೆ ಮೇಲಿನಿಂದ ಕರೆಯುವುದು ಒಂದು ಹೆಸರು, ಕೆಳಗೆ ಓಗೊಡುವುದು ಇನ್ನೊಂದು.